ಇಬ್ಬರ ಸಹಿ, ಒಬ್ಬಳ ಕಂತು

ಕಳೆದ ಭಾನುವಾರ ಕೆಂಗೇರಿಯ ಆ ಫ್ಲ್ಯಾಟಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿದ್ದ ನಾಲ್ಕು ಸ್ಕ್ರೂ ತೂತು. ಎರಡು ಹೆಸರಿದ್ದ ಹಿತ್ತಾಳೆ ಫಲಕ ಅಲ್ಲಿತ್ತು. ತೆಗೆದು ವರ್ಷವಾಯಿತು, ಹೊಸದು ಬಂದಿಲ್ಲ. ಮನೆ ನನ್ನ ಬಾವನವರ ಮಗಳದ್ದು. ಬಾವ ತೀರಿಕೊಂಡ ಮೇಲೆ ಅವಳು ನಮಗೂ ಮಗಳೇ. ನಮ್ಮ ಯಜಮಾನರು ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. “ಚಿಕ್ಕಪ್ಪ, ಒಂದ್ಸಲ ಬಂದು ನನ್ನ ಲೆಕ್ಕ ನೋಡಿ” ಅಂತ ಅವಳೇ ಫೋನ್ ಮಾಡಿದ್ದಳು. ಊಟದ ಮೇಜಿನ ಮೇಲೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಅದರ ಹಿಂದೆ ಸಾಲಗಳನ್ನೆಲ್ಲ ಒಂದರ ಕೆಳಗೊಂದು ಬರೆದಿಟ್ಟಿದ್ದಳು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತ ಪಕ್ಕದಲ್ಲೇ ಕೂತಿದ್ದೆ. ಅಲ್ಲಿ ನಡೆದ ಮಾತನ್ನು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಚಿಕ್ಕಪ್ಪ: ಇಷ್ಟೇನಾ? ಹೇಳೋಕೆ ನಾಚಿಕೆ ಅಂತ ಯಾವುದಾದ್ರೂ ಬಿಟ್ಟಿದ್ದೀಯಾ?

ಮಗಳು: ಇಷ್ಟೇ ಚಿಕ್ಕಪ್ಪ. ಮನೆ ಸಾಲ ಇನ್ನೂ 45 ಲಕ್ಷ ಇದೆ, ಕಂತು 46 ಸಾವಿರ. ಪರ್ಸನಲ್ ಲೋನ್ 5 ಲಕ್ಷ ಉಳಿದಿದೆ, ಅದರ ಕಂತು 14 ಸಾವಿರ. ಕ್ರೆಡಿಟ್ ಕಾರ್ಡಲ್ಲಿ 2 ಲಕ್ಷ. ಬಳೆ, ಸರ ಅಡ ಇಟ್ಟಿರೋದು 1 ಲಕ್ಷದ 20 ಸಾವಿರ. ಗೆಳತಿ ಹತ್ರ ಕೈಗಡ ಒಂದೂವರೆ ಲಕ್ಷ.

ಚಿಕ್ಕಪ್ಪ: ಸಂಬಳ?

ಮಗಳು: ಕೈಗೆ ಬರೋದು 82 ಸಾವಿರ.

ಚಿಕ್ಕಪ್ಪ: ಎರಡು ಕಂತಿಗೇ 60 ಸಾವಿರ ಹೋಯ್ತು. ಉಳಿದ 22ರಲ್ಲಿ ಕಾರ್ಡು, ಮೇಂಟೆನೆನ್ಸ್, ಕರೆಂಟು, ದಿನಸಿ, ಓಡಾಟ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ದುಡ್ಡು ಮುಗಿಯುತ್ತೆ, ಮತ್ತೆ ಕಾರ್ಡು ಉಜ್ಜಬೇಕು. ಹೌದಾ?

ಮಗಳು: ಹದಿನೆಂಟಕ್ಕೇ ಮುಗಿಯುತ್ತೆ.

ಚಿಕ್ಕಪ್ಪ: ಈ ಪರ್ಸನಲ್ ಲೋನ್ ಯಾಕೆ ಬಂತು?

ಮಗಳು: ಡಿವೋರ್ಸ್ ಆಗುವಾಗ ಅವನು ಮುಂಗಡಕ್ಕೆ ಹಾಕಿದ್ದ 6 ಲಕ್ಷ ವಾಪಸ್ ಕೇಳಿದ. ಮನೆ ನನಗಿರಲಿ ಅಂತ ನಾನು ಹಟ ಹಿಡಿದಿದ್ದೆ, ಅವನು ಕೇಳಿದ್ದರಲ್ಲೂ ನ್ಯಾಯ ಇತ್ತು. ಕೈಯಲ್ಲಿ ದುಡ್ಡಿರಲಿಲ್ಲ, ಶೇಕಡಾ 14ರ ಬಡ್ಡಿಗೆ ತಗೊಂಡು ಕೊಟ್ಟೆ. ಮನೆ ತಗೊಂಡಾಗ ಹೀಗಿರಲಿಲ್ಲ ಚಿಕ್ಕಪ್ಪ. 2021ರಲ್ಲಿ 50 ಲಕ್ಷ ಸಾಲ, ಶೇಕಡಾ 7 ಬಡ್ಡಿ, ಇಪ್ಪತ್ತು ವರ್ಷ. ಕಂತು 38,765 ರೂಪಾಯಿ, ಇಬ್ಬರೂ ಅರ್ಧರ್ಧ ಹಾಕ್ತಿದ್ವಿ. 19 ಸಾವಿರ ನನಗೆ ಭಾರವೇ ಅಲ್ಲ. ಆಮೇಲೆ ಬಡ್ಡಿ ಏರ್ತಾ ಹೋಯ್ತು.

ಚಿಕ್ಕಪ್ಪ: 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನ 4ರಿಂದ 6.5ಕ್ಕೆ ತಗೊಂಡು ಹೋಯ್ತು. ನಿನ್ನ 7 ಹೋಗಿ ಒಂಬತ್ತೂವರೆ ಆಯ್ತು. ಆ ದರದಲ್ಲಿ ಹಳೇ ಕಂತು ಬರೀ ಬಡ್ಡಿಗೇ ಸರಿಹೋಗ್ತಿತ್ತು, ಅಸಲು ಅಲುಗಾಡ್ತಿರಲಿಲ್ಲ. ಅದಕ್ಕೇ ಕಂತು ಏರಿಸಿದ್ರು. ಅದನ್ನ ಇಬ್ಬರು ತಡ್ಕೋಬಹುದಿತ್ತು. ಈಗ ನೀನೊಬ್ಬಳೇ. ನನ್ನ ಮಾತು ಕೇಳು, ಮನೆ ಮಾರಿಬಿಡು.

ಮಗಳು: ಬಂದು ಕಾಲು ಗಂಟೆ ಆಗಿಲ್ಲ, ಆಗಲೇ ಮಾರು ಅಂತೀರಲ್ಲ.

ಚಿಕ್ಕಪ್ಪ: ಲೆಕ್ಕ ನೋಡು ಅಂತ ಕರೆದೆ, ನೋಡಿ ಹೇಳ್ತಿದೀನಿ. ಈ ಕಡೆ ಮೆಟ್ರೊ ಬಂದಮೇಲೆ ನಿನ್ನ ಫ್ಲ್ಯಾಟಿಗೆ 78 ಲಕ್ಷ ಸಿಗುತ್ತೆ ಅಂತ ನೀನೇ ಹೇಳಿದೀಯ. ಮನೆ ಸಾಲ ತೀರಿಸಿ, ಬಾಕಿ ನಾಲ್ಕೂ ಚುಕ್ತಾ ಮಾಡಿ, ದಲ್ಲಾಳಿ, ತೆರಿಗೆ ಎಲ್ಲ ಕಳೆದ್ರೂ 20 ಲಕ್ಷದ ಆಸುಪಾಸು ಕೈಯಲ್ಲಿ ಉಳಿಯುತ್ತೆ. ತಲೆ ಮೇಲೆ ಒಂದು ಪೈಸೆ ಸಾಲ ಇರಲ್ಲ. ನಿನಗಿನ್ನೂ ಮೂವತ್ತಾರು. ಇದೇ ಬೀದಿಯಲ್ಲಿ 22 ಸಾವಿರಕ್ಕೆ ಬಾಡಿಗೆ ಮನೆ ಹಿಡಿ, ತಿಂಗಳಿಗೆ 30 ಸಾವಿರ ಉಳಿಸು. ಐದಾರು ವರ್ಷ ಆದ್ಮೇಲೆ ಬೇಕಿದ್ರೆ ಇನ್ನೊಂದು ಮನೆ ತಗೋ.

ಮಗಳು: ಬಾಡಿಗೆ ಮನೆ ಹುಡುಕ್ಕೊಂಡು ನೀವು ಒಬ್ಬರೇ ಹೋಗಿದ್ದೀರಾ ಚಿಕ್ಕಪ್ಪ? ಹೆಂಗಸಾಗಿ? ಡಿವೋರ್ಸ್ ಆದವಳಾಗಿ? “ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರಮ್ಮ” ಅಂತ ಶುರು ಮಾಡ್ತಾರೆ. ಇಲ್ಲ ಅಂದ ತಕ್ಷಣ, “ನಮ್ಮದು ಫ್ಯಾಮಿಲಿ ಇರೋ ಬಿಲ್ಡಿಂಗು” ಅಂತಾರೆ. ನನ್ನ ಆಫೀಸಿನವಳೊಬ್ಬಳು ಹನ್ನೊಂದು ಮನೆ ನೋಡಿದ್ಳು. ಹನ್ನೆರಡನೇದು ಸಿಕ್ತು, ಆದ್ರೆ ರಾತ್ರಿ ಹತ್ತರ ಮೇಲೆ ಗೇಟು ಹಾಕ್ತಾರೆ, ಅಣ್ಣ ಬಂದ್ರೂ ಕೆಳಗೇ ಕೂತು ಮಾತಾಡಿಸಬೇಕು. ಈ ಮನೇಲಿ ನನ್ನನ್ನ ಯಾರೂ ಏನೂ ಕೇಳಲ್ಲ. ನನಗೆ 46 ಸಾವಿರದ ಬೆಲೆ ಅದಕ್ಕೂ ಇದೆ.

ಚಿಕ್ಕಪ್ಪ: ಅದನ್ನ ಒಪ್ಪಿದೆ. ಆದ್ರೆ ಆ ಬೆಲೆ ನೀನು ಸಂಬಳದಿಂದ ಕೊಡ್ತಿಲ್ಲ, ಕಾರ್ಡಿಂದ ಕೊಡ್ತಿದೀಯ. ಸ್ಟೇಟ್‌ಮೆಂಟ್ ತಗೊಂಡು ಬಾ.

(ಅವಳು ಮೊಬೈಲಿನಲ್ಲಿ ತೆರೆದು ಕೊಟ್ಟಳು. ಅವರು ಕನ್ನಡಕ ಹಣೆಗೇರಿಸಿ, ಫೋನನ್ನು ಮುಖದ ಹತ್ತಿರ ಹಿಡಿದು ಓದಿದರು.)

ಚಿಕ್ಕಪ್ಪ: ಬಾಕಿ 2 ಲಕ್ಷ. ಬಡ್ಡಿ ತಿಂಗಳಿಗೆ ಮೂರೂವರೆ, ವರ್ಷಕ್ಕೆ 42. ಹೋದ ತಿಂಗಳು ನೀನು ಕಟ್ಟಿದ್ದು ‘ಕನಿಷ್ಠ ಬಾಕಿ’ 10 ಸಾವಿರ. ಅದರಲ್ಲಿ ಬಡ್ಡಿ 7,000. ಬಡ್ಡಿ ಮೇಲೆ ಜಿಎಸ್‌ಟಿ ಶೇಕಡಾ 18, ಅಂದ್ರೆ 1,260. ಅಸಲಿಗೆ ಹೋಗಿದ್ದು ಎಷ್ಟು ಹೇಳು.

ಮಗಳು: ...1,740.

ಚಿಕ್ಕಪ್ಪ: 10 ಸಾವಿರ ಕೊಟ್ಟು 1,740 ತೀರಿಸಿದೀಯ. ಅದೇ ತಿಂಗಳು ದಿನಸಿಗೆ, ಪೆಟ್ರೋಲಿಗೆ ಅಂತ ಮತ್ತೆ 9 ಸಾವಿರ ಉಜ್ಜಿದೀಯ. ಬಾಕಿ ಉಳಿಸ್ಕೊಂಡವರಿಗೆ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಅನ್ನೋದೇ ಇರಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತೆ. ಅಕ್ಕಿ ಬೇಳೆಗೆ ಶೇಕಡಾ 42 ಬಡ್ಡಿ ಕೊಟ್ಟು ಮನೆ ಉಳಿಸ್ಕೊಂಡಿದೀನಿ ಅಂದ್ರೆ ಅದು ಉಳಿಸ್ಕೊಳ್ಳೋದಾ?

ಅವಳು ಹಾಳೆಯ ಮೇಲೆ 1,740 ಅಂತ ಬರೆದು ಸುತ್ತಲೂ ಒಂದು ಗೆರೆ ಎಳೆದಳು. ಆಮೇಲೆ ಎಷ್ಟೋ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತಿದ್ದಳು.

ಮಗಳು: ಕಾರ್ಡು ಇವತ್ತೇ ಕತ್ತರಿಸ್ತೀನಿ. ಆ ಸಾಲ ಹೇಗಾದ್ರೂ ಮೊದಲು ತೀರಿಸ್ತೀನಿ. ಆದ್ರೆ ಮಾರೋದೊಂದೇ ದಾರಿ ಅಂತ ಯಾಕೆ ಅಂತೀರಿ? ಭೋಗ್ಯಕ್ಕೆ ಕೊಟ್ರೆ? ಈ ಕಡೆ ಎರಡು ಬೆಡ್‌ರೂಮಿಗೆ 18 ಲಕ್ಷದವರೆಗೂ ಕೊಡ್ತಾರಂತೆ. ಮನೆ ಸಾಲ ಒಂದು ಬಿಟ್ಟು ಎಲ್ಲಾ ತೀರುತ್ತೆ. ನಾನು ಮೂರು ವರ್ಷ ಎಲ್ಲಾದ್ರೂ ಒಂದು ರೂಮಲ್ಲಿ ಇರ್ತೀನಿ.

ಚಿಕ್ಕಪ್ಪ: ಬೆಂಗಳೂರಿನ ಅರ್ಧ ಜನ ಇದರಲ್ಲೇ ಸಿಕ್ಕಿಹಾಕ್ಕೊಳ್ಳೋದು. ಭೋಗ್ಯದ ದುಡ್ಡು ಬಾಡಿಗೆ ಅಲ್ಲಮ್ಮ, ಅದೂ ಸಾಲವೇ. ಮೂರು ವರ್ಷ ಕಳೆದ ದಿನ ಆ 18 ಲಕ್ಷ ಇಡಿಯಾಗಿ ವಾಪಸ್ ಕೊಡಬೇಕು. ಅಲ್ಲೀತನಕ ನಿನಗೆ ಬಾಡಿಗೆ ಒಂದು ರೂಪಾಯಿ ಬರಲ್ಲ, 46 ಸಾವಿರದ ಕಂತು ನಿಲ್ಲಲ್ಲ, ನಿನ್ನ ರೂಮಿನ ಬಾಡಿಗೆ ಬೇರೆ. ಮೂರು ವರ್ಷದ ಕೊನೇಲಿ 18 ಲಕ್ಷ ಎಲ್ಲಿಂದ ತರ್ತೀಯ? ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಇವರಿಗೆ ಕೊಡ್ತೀಯ. ಹೊಸಬರು ಸಿಗದಿದ್ರೆ? ನೀನು ಮಧ್ಯ ಎರಡು ಕಂತು ತಪ್ಪಿಸಿದ್ರೆ, ಜೀವಮಾನದ ಉಳಿತಾಯ ನಿನ್ನ ಕೈಗಿಟ್ಟ ಆ ಸಂಸಾರವೂ ಬೀದಿಗೆ ಬರುತ್ತೆ. ಅಡಮಾನದಲ್ಲಿರೋ ಮನೆ ಭೋಗ್ಯಕ್ಕೆ ಕೊಡಬೇಕಾದ್ರೆ ಬ್ಯಾಂಕಿನ ಒಪ್ಪಿಗೆ ಬೇಕು ಅಂತ ಸಾಲದ ಕರಾರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಓದಿದೀಯಾ?

ಮಗಳು: ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕೊಟ್ಟಿದ್ರು. ಅಲ್ಲಲ್ಲಿ ಹಾಕಿದೆ.

ಚಿಕ್ಕಪ್ಪ: ನಾನೂ ಎಷ್ಟೋ ಜನಕ್ಕೆ ಹಾಗೇ ಗುರುತು ಹಾಕಿ ಕೊಟ್ಟಿದೀನಿ. ಅದೊಂದು ತಪ್ಪು ನನ್ನ ಮೇಲೂ ಇದೆ.

ಮಗಳು: ಸರಿ, ಮಾರ್ತೀನಿ ಅಂತಲೇ ಇಟ್ಕೊಳ್ಳಿ. ಕ್ರಯಪತ್ರದಲ್ಲಿ ಇಬ್ಬರ ಹೆಸರಿದೆ. ಅವನ ಸಹಿ ಇಲ್ಲದೆ ಮಾರೋಕಾಗುತ್ತಾ? ಕೋರ್ಟಲ್ಲಿ ಒಪ್ಪಂದ ಆದಾಗ, ಮನೆ ನನಗೆ, ಕಂತು ನನ್ನದು ಅಂತ ಬರೆದಿದಾರೆ. ಅಷ್ಟಾದ್ರೂ ಅವನ ಹೆಸರು ಸಾಲದಲ್ಲಿ ಹಾಗೇ ಇದೆ. ಅವನೇ ಫೋನ್ ಮಾಡ್ತಾನೆ, ‘ನೀನು ಲೇಟಾಗಿ ಕಟ್ಟಿದ್ರೆ ನನ್ನ ಸಿಬಿಲ್ ಸ್ಕೋರ್ ಬೀಳುತ್ತೆ’ ಅಂತ.

ಚಿಕ್ಕಪ್ಪ: ಅವನು ಹೇಳೋದು ನಿಜ. ಕೋರ್ಟಿನ ಒಪ್ಪಂದ ನಿಮ್ಮಿಬ್ಬರ ಮಧ್ಯದ್ದು. ಬ್ಯಾಂಕು ಅದಕ್ಕೆ ಸಹಿ ಹಾಕಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಸಾಲ ಇಬ್ಬರದ್ದೂ, ಪೂರ್ತಿ ಸಾಲ ಯಾರೊಬ್ಬರ ಹತ್ರ ಬೇಕಾದ್ರೂ ವಸೂಲು ಮಾಡಬಹುದು. ನಿನ್ನೊಬ್ಬಳ ಸಂಬಳದ ಮೇಲೆ ಸಾಲ ನಿಲ್ಲುತ್ತೆ ಅಂತ ಅವರಿಗೆ ಅನ್ನಿಸಿದ್ರೆ ಮಾತ್ರ ಅವನ ಹೆಸರು ತೆಗೀತಾರೆ. 82ರಲ್ಲಿ 60 ಸಾವಿರ ಕಂತಿಗೇ ಹೋಗೋವಾಗ ಯಾವ ಮ್ಯಾನೇಜರೂ ಒಪ್ಪಲ್ಲ. ಮೊದಲು ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸ್ಕೋ. ಮಾರಿದ್ರೂ ಬೇಕು, ಇಟ್ಕೊಂಡ್ರೂ ಬೇಕು. ಅವನು ಇನ್ನೊಂದು ಮದುವೆ ಆಗಿ, ಊರು ಬಿಟ್ಟು ಹೋದಮೇಲೆ ಹುಡುಕ್ಕೊಂಡು ಹೋಗೋದು ಕಷ್ಟ.

ಮಗಳು: ಅವನ ಹತ್ರ ಹೋಗಿ ಇನ್ನೊಂದು ಸಹಿ ಕೇಳೋದಾ?

ಚಿಕ್ಕಪ್ಪ: ಕೇಳಬೇಕು ಕಣಮ್ಮ.

ಇಲ್ಲಿ ನಾನು ಎದ್ದು ಹೋಗಿ ಒಲೆ ಹಚ್ಚಿದೆ. ಎರಡು ವರ್ಷದ ಹಿಂದೆ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ಅವಳ ಜೊತೆ ಕೂತಿದ್ದವಳು ನಾನು. ಸಂಸಾರ ಮುರಿದಾಗ ಮನಸ್ಸಿನ ನೋವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಲದ ಕಾಗದದಲ್ಲಿ ಇಬ್ಬರೂ ಇನ್ನೂ ಜೊತೆಗೇ ಇರುತ್ತಾರೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ. ನಾನು ವಾಪಸ್ ಬರುವ ಹೊತ್ತಿಗೆ ಮಾತು ಬಿಸಿಯಾಗಿತ್ತು.

ಚಿಕ್ಕಪ್ಪ: ...ತೊಂಬತ್ತು ದಿನ ಕಂತು ನಿಂತ್ರೆ ನಿನ್ನ ಖಾತೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಅರವತ್ತು ದಿನದ ನೋಟಿಸು. ಅದಕ್ಕೂ ದುಡ್ಡು ಬರಲಿಲ್ಲ ಅಂದ್ರೆ, ಕೋರ್ಟಿನಲ್ಲಿ ದಾವೆ ಹೂಡದೆಯೇ ಬ್ಯಾಂಕು ಮನೆಯನ್ನ ಸ್ವಾಧೀನಕ್ಕೆ ತಗೋಬಹುದು. ಆ ನೋಟಿಸನ್ನ ನಾನೇ ಹೋಗಿ ಬಾಗಿಲಿಗೆ ಅಂಟಿಸಿದೀನಿ. ಒಂದು ಮನೇಲಿ ಒಳಗಡೆ ಒಗ್ಗರಣೆ ಹಾಕ್ತಿದ್ರು. ಅಂಟಿನ ಡಬ್ಬಿ ಕೈಲಿ ಹಿಡ್ಕೊಂಡು ಆ ಚಟಪಟ ಶಬ್ದ ನಿಲ್ಲೋವರೆಗೂ ಹೊರಗೇ ನಿಂತಿದ್ದೆ. ಅವರಿಗೂ ಮೊದಲೇ ಹೇಳಿದ್ದೆ, ‘ನೀವೇ ಮಾರಿ, ಬ್ಯಾಂಕಿನ ಕೈಗೆ ಬಿಡಬೇಡಿ’ ಅಂತ. ನೀನು ಮಾರಿದ್ರೆ ಬೆಲೆ ನಿನ್ನದು. ಹರಾಜಿಗೆ ಹೋದ್ರೆ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿಗೇ ಹೋಗುತ್ತೆ.

ಮಗಳು: ನಾನು ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿಲ್ಲ!

ಚಿಕ್ಕಪ್ಪ: ತಪ್ಪಿಸಿಲ್ಲ, ಗೊತ್ತು. ಒಡವೆ ಅಡ ಇಟ್ಟು ಕಟ್ಟಿದೀಯ. ಇನ್ನು ಅಡ ಇಡೋಕೆ ಏನಿದೆ?

ಮಗಳು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. 1998ರಲ್ಲಿ ತಿಪಟೂರಿನ ಮನೆ ಮಾರಿದಾಗಲೂ ನೀವು ಹೀಗೇ ಹೇಳಿದ್ರಂತೆ. ತಾತನ ಸಾಲ ತೀರಲಿ, ನೆಮ್ಮದಿಯಾಗಿರೋಣ, ಐದಾರು ವರ್ಷ ಬಿಟ್ಟು ಇನ್ನೊಂದು ಮನೆ ಕಟ್ಟೋಣ ಅಂತ. ಕಟ್ಟಿದ್ರಾ? ಅಜ್ಜಿ ಆಮೇಲೆ ಐದು ಬಾಡಿಗೆ ಮನೆ ಬದಲಾಯಿಸಿದ್ರು. ಹಿತ್ತಲಿನ ಕರಿಬೇವಿನ ಗಿಡ ಕುಂಡದಲ್ಲಿ ಹೊತ್ಕೊಂಡು ಓಡಾಡಿದ್ರು. ತೀರಿಕೊಂಡಾಗ ಮನೆ ಓನರ್ ಹೆಣ ಒಳಗೆ ಇಡೋಕೆ ಬಿಡಲಿಲ್ಲ. ಮಳೇಲಿ ಕಾಂಪೌಂಡಲ್ಲಿ ಮಲಗಿಸಿದ್ವಿ. ನನಗಾಗ ಹದಿನಾರು. ಅಮ್ಮ ಇವತ್ತಿಗೂ ತಿಪಟೂರಲ್ಲಿ ಬಾಡಿಗೆ ಮನೇಲೇ ಇದಾಳೆ. ಅವಳನ್ನ ಈ ಮನೆಗೆ ಕರ್ಕೊಂಡು ಬರಬೇಕು ಅಂತ ನಾನು ಹಲ್ಲು ಕಚ್ಚಿ ಹಿಡ್ಕೊಂಡಿರೋದು. ಸಾಲ ತೀರುತ್ತೆ ಅಂತ ಮಾರಿದ ಮನೆ ವಾಪಸ್ ಬರಲ್ಲ. ಇದು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ?

ಅವರು ಉತ್ತರ ಕೊಡಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ. ನಾನು ಆ ಮಳೆಯಲ್ಲಿ ನಿಂತಿದ್ದೆ. ಕುಕ್ಕರ್ ಎರಡು ಸಲ ಕೂಗಿತು.

ಚಿಕ್ಕಪ್ಪ: ನಮ್ಮಮ್ಮನ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಆ ಸಾಲಕ್ಕೆ ನಿಮ್ಮ ತಾತ ಹೆದರಿ, ಆರು ತಿಂಗಳು ಹಗಲು ಹೊತ್ತು ಮನೆಯಿಂದ ಆಚೆ ಬಂದಿರಲಿಲ್ಲ. ಅದೂ ನಾನು ನೋಡಿದೀನಿ. ನೀನು ರಾತ್ರಿ ನಿದ್ದೆ ಮಾಡ್ತೀಯಾ?

ಮಗಳು: ಮೂರು ಗಂಟೆಗೆ ಎಚ್ಚರ ಆಗುತ್ತೆ. ಕಾರ್ಡಿನವರ ಏಜೆಂಟು ಒಂದ್ಸಲ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದ್ದ. ಅವತ್ತಿಂದ ಫೋನ್ ಅಂದ್ರೇ ಎದೆ ಡವಡವ.

ಚಿಕ್ಕಪ್ಪ: ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ ಅಂತ 2022ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ದಿನ, ಹೊತ್ತು ಬರೆದಿಟ್ಕೊಂಡು ಲಿಖಿತವಾಗಿ ದೂರು ಕೊಡು.

ಮಗಳು: ಕೊಡ್ತೀನಿ. ಆದ್ರೆ ಮೂರು ಗಂಟೆಗೆ ಎಚ್ಚರ ಆದಾಗ ನಿಯಮ ನೆನಪಿಗೆ ಬರಲ್ಲ ಚಿಕ್ಕಪ್ಪ.

ಆಗ ನಾನು ಬಾಯಿ ಹಾಕಿದೆ. ಮೂರು ಗಂಟೆಗೆ ಎಚ್ಚರವಾದರೆ ನನಗೆ ಫೋನ್ ಮಾಡು ಅಂದೆ. ನನಗೆ ಮಾಡಲು ಸಂಕೋಚವಾದರೆ 14416ಕ್ಕೆ ಮಾಡು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. ಅವಳು ಆ ಸಂಖ್ಯೆಯನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು.

ಚಿಕ್ಕಪ್ಪ: ಸರಿ, ಇಟ್ಕೊಳ್ಳೋದಾದ್ರೆ ಹೇಗೆ ಅಂತ ನೋಡೋಣ. ಬಡ್ಡಿ ಇಳಿದಿದೆ. 2025ರಲ್ಲಿ ರೆಪೊ 6.5ರಿಂದ 5.25ಕ್ಕೆ ಬಂತು, ನಿನ್ನದು ಈಗ ಎಂಟೂಕಾಲು. ಆದ್ರೂ ಕಂತು 46ರಲ್ಲೇ ಇದೆ, ಯಾಕೆ? ಬ್ಯಾಂಕು ಅವಧಿ ಕಡಿಮೆ ಮಾಡಿ ಕಂತನ್ನ ಹಾಗೇ ಬಿಟ್ಟಿದೆ. ಅವಧಿ ಮೊದಲಿನಷ್ಟೇ ಇರಲಿ, ಕಂತು ಇಳಿಸಿ ಅಂತ ಅರ್ಜಿ ಕೊಟ್ರೆ 43 ಸಾವಿರಕ್ಕೆ ಬರುತ್ತೆ. ಅವರು ಒಪ್ಪಿ 24 ವರ್ಷಕ್ಕೆ ಎಳೆದ್ರೆ 36 ಸಾವಿರ.

ಮಗಳು: ತಿಂಗಳಿಗೆ 10 ಸಾವಿರ ಉಳೀತಲ್ಲ! ಇದನ್ನ ಮೊದಲೇ ಯಾಕೆ ಹೇಳಲಿಲ್ಲ?

ಚಿಕ್ಕಪ್ಪ: ಯಾಕಂದ್ರೆ ಅದಕ್ಕೆ 23 ಲಕ್ಷದ ಮೇಲೆ ಹೆಚ್ಚುವರಿ ಬಡ್ಡಿ ಕಟ್ತೀಯ. ಅರವತ್ತು ತುಂಬೋವರೆಗೂ ಕಂತು. ಇದು ಉಸಿರಾಡೋಕೆ ಮಾತ್ರ. ಸಂಬಳ ಏರಿದ ಹಾಗೆ ಅಸಲಿಗೆ ಹೆಚ್ಚು ಕಟ್ತಾ ಬರಬೇಕು. ಬದಲಾಗೋ ಬಡ್ಡಿಯ ಮನೆ ಸಾಲ ಮುಂಚೆ ತೀರಿಸಿದ್ರೆ ಬ್ಯಾಂಕು ದಂಡ ಹಾಕೋ ಹಾಗಿಲ್ಲ. ಉಳಿಯೋ 10 ಸಾವಿರ ಪೂರ್ತಿ ಕಾರ್ಡಿಗೆ ಹೋಗಬೇಕು. ಕಾರ್ಡು ಮುಗಿದ ಮೇಲೆ ಪರ್ಸನಲ್ ಲೋನು. ಆಮೇಲೆ ಒಡವೆ. ಗೆಳತಿಯ ಕೈಗಡಕ್ಕೆ ಬಡ್ಡಿ ಇಲ್ಲ, ಅದು ಕೊನೆಗೆ.

ಮಗಳು: ಅದು ಆಗಲ್ಲ. ಅವಳದ್ದು ಮೊದಲು.

ಚಿಕ್ಕಪ್ಪ: ಶೇಕಡಾ 42 ಬಿಟ್ಟು ಸೊನ್ನೆ ಬಡ್ಡೀದು ತೀರಿಸ್ತೀಯಾ?

ಮಗಳು: ಅವಳು ಒಂದು ಕಾಗದ ಬರೆಸ್ಕೊಳ್ಳದೆ ಕೊಟ್ಟಳು, ಚಿಕ್ಕಪ್ಪ. ಮಗನ ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು ಅದು. ನಾಲ್ಕು ತಿಂಗಳಿಂದ ನಾನು ಅವಳ ಮನೆ ಕಡೆ ಹೋಗಿಲ್ಲ. ಎದುರಿಗೆ ಸಿಕ್ಕಿದ್ರೆ ಏನು ಹೇಳಲಿ ಅಂತ ಮಾರ್ಕೆಟ್ಟಿಗೆ ಬೇರೆ ದಾರೀಲಿ ಹೋಗ್ತೀನಿ. ಬ್ಯಾಂಕಿನ ಮುಖ ನನಗೆ ಕಾಣಲ್ಲ, ಅವಳದ್ದು ಕಾಣುತ್ತೆ.

ಚಿಕ್ಕಪ್ಪ: ಹಾಗಾದ್ರೆ ದುಡ್ಡು ಆಮೇಲೆ ಕೊಡು. ಮೊದಲು ಹೋಗಿ ಈ ಹಾಳೆ ತೋರಿಸು. ಯಾವ ತಿಂಗಳು ಎಷ್ಟು ಕೊಡ್ತೀನಿ ಅಂತ ಹೇಳು. ನನ್ನ ಸರ್ವಿಸಲ್ಲಿ ನಾನು ಕಂಡಿದ್ದು ಇಷ್ಟು: ಸಾಲ ಕೊಟ್ಟವರು ದುಡ್ಡು ತಡ ಆಗಿದ್ದಕ್ಕೆ ಅಷ್ಟು ಸಿಟ್ಟಾಗಲ್ಲ, ಮುಖ ತಪ್ಪಿಸ್ಕೊಂಡು ಓಡಾಡಿದ್ರೆ ಆಗ್ತಾರೆ.

ಮಗಳು: ತಿಂಗಳಿಗೆ 2 ಸಾವಿರ ಆದ್ರೂ ಅವಳಿಗೆ ಕೊಟ್ಟೇ ಕೊಡ್ತೀನಿ. ಇದರಲ್ಲಿ ನಿಮ್ಮ ಲೆಕ್ಕ ಕೇಳಲ್ಲ.

ಚಿಕ್ಕಪ್ಪ: ಕೊಡು. ನಾನೂ ಒಂದು ಮಾತು ಬಿಡಲ್ಲ. ಬ್ಯಾಂಕು ಕಂತು ಇಳಿಸಲಿಲ್ಲ, ಆರು ತಿಂಗಳಲ್ಲಿ ಕಾರ್ಡಿನ ಬಾಕಿ ಒಂದೂವರೆ ಲಕ್ಷಕ್ಕೆ ಇಳಿಯಲಿಲ್ಲ ಅಂದ್ರೆ, ಮನೆ ಮಾರಾಟಕ್ಕಿಡಬೇಕು. ಆಗ ಅಜ್ಜಿ ಕಥೆ ಹೇಳಬಾರದು.

ಮಗಳು: ಆಗಲೂ ಹೇಳ್ತೀನಿ. ಆದ್ರೆ ಆ ತಾರೀಖು ಬರ್ಕೋತೀನಿ.

ಹಾಳೆಯ ಅಡಿಯಲ್ಲಿ ತಾರೀಖು ಬರೆದು ಇಬ್ಬರೂ ನೋಡಿದರು, ಸಹಿ ಯಾರೂ ಹಾಕಲಿಲ್ಲ. ಮೆಂತ್ಯ ಸೊಪ್ಪಿನ ಹುಳಿ ಮಾಡಿದ್ದೆ, ಮೂವರೂ ಉಂಡೆವು. ಬಸ್ಸಿನಲ್ಲಿ ಬರುತ್ತ ಅವರು, “ಅವಳು ಮಾರಲೇಬೇಕು ಕಣೇ” ಅಂದರು. ಎರಡು ಸ್ಟಾಪು ದಾಟಿದ ಮೇಲೆ, “ಮಾರದೆ ಇದ್ರೂ ನಾನು ಬೈಯಲ್ಲ” ಅಂದರು. ನನ್ನನ್ನು ಕೇಳಿದರೆ, ಆ ಮೇಜಿನ ಮೇಲೆ ಅಂದು ದೊಡ್ಡದಾಗಿ ನಡೆದದ್ದು ಮನೆ ಇಟ್ಟುಕೊಳ್ಳುವ ತೀರ್ಮಾನವಲ್ಲ, ಮಾರುವ ತೀರ್ಮಾನವೂ ಅಲ್ಲ. ಒಂದು ವರ್ಷ ಒಬ್ಬಳೇ ಹೊತ್ತ ಲೆಕ್ಕವನ್ನು ಅವಳು ಇನ್ನೊಬ್ಬರ ಮುಂದೆ ಬಿಡಿಸಿಟ್ಟಳು.

ಸೋಮವಾರ ಅವಳು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಬುಧವಾರ ಸಂಜೆ ಗೆಳತಿಯ ಮನೆಗೆ ಹೋಗಿದ್ದಳಂತೆ, ರಾತ್ರಿ ಊಟ ಅಲ್ಲೇ ಆಯಿತಂತೆ. ಹಕ್ಕು ಬಿಡುಗಡೆ ಪತ್ರದ ವಿಷಯಕ್ಕೆ ಅವನಿಗೆ ಇನ್ನೂ ಫೋನ್ ಮಾಡಿಲ್ಲ. ಬ್ಯಾಂಕಿನಿಂದ ಉತ್ತರ ಬಂದಿಲ್ಲ. ಮುಂದಿನ ಕಂತು ಐದನೇ ತಾರೀಖಿಗೆ, 46 ಸಾವಿರವೇ.